ಮಿನಿ ಲೇಥ್‌ನ ಬೆಡ್ ದೋಷ ಹಾಗೂ ವಾರಂಟಿ ನಿರಾಕರಣೆಯ ಬಗ್ಗೆ ದೂರು

ಇವರಿಂದ:
ಕ್ಯಾತ್ಸಂದ್ರದ ಗ್ರಾಹಕ, ತುಮಕೂರು

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ದೋಷವಿರುವ ಲೇಥ್ ಬೆಡ್ (ಯಂತ್ರದ ಉಳಿದ ಭಾಗಗಳು ಕೂರುವ ಉದ್ದನೆಯ ತಳಹದಿ) ಬದಲಿಸಿಕೊಡುವ ಅಥವಾ ಹಣ ಹಿಂತಿರುಗಿಸುವ ಕುರಿತು

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ತಮ್ಮಿಂದ 180 ಮಿ.ಮೀ. ಸ್ವಿಂಗ್ (ತಿರುಗಿಸಬಲ್ಲ ಗರಿಷ್ಠ ವ್ಯಾಸ), 350 ಮಿ.ಮೀ. ಉದ್ದದ ಮಿನಿ ಲೇಥನ್ನು (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) 78,000 ರೂಪಾಯಿಗೆ ಕೊಂಡೆ. ಅದರ ಅಲುಗಾಟ ತಗ್ಗಿಸಲೆಂದು ತಾವೇ ಮಾರುವ ಕಿಟ್ಟನ್ನು ಫೆಬ್ರುವರಿಯಲ್ಲಿ 9,400 ರೂಪಾಯಿಗೆ ಕೊಂಡೆ. ಆ ಕಿಟ್ ಜೋಡಿಸಲು, ತುಂಡನ್ನು ಹಿಡಿದು ತಿರುಗಿಸುವ ಭಾಗವಾದ ಹೆಡ್‌ಸ್ಟಾಕ್ ಬಿಚ್ಚಿದ ಕಾರಣ ವಾರಂಟಿ ಅನ್ವಯಿಸುವುದಿಲ್ಲ ಎಂದು ಹೋದ ವಾರ ತಮ್ಮ ಕಚೇರಿಯಿಂದ ಬಂದ ಉತ್ತರ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವನು. ನಲವತ್ತು ಕಿಲೋ ತೂಗುವ ಲೇಥ್ ಒಂದು ಟನ್ನಿನ ಯಂತ್ರದ ಹಾಗೆ ಕಬ್ಬಿಣ ತೆಗೆಯಲಾರದು ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಹಳೆಯ ಗೋಡೆ ಗಡಿಯಾರಗಳಿಗೆ ಬುಷ್ (ಅಕ್ಷ ತಿರುಗುವ ತೂತಿನ ಒಳಬಳೆ) ಮಾಡಿಕೊಳ್ಳಲು ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. ಆದರೆ 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡನ್ನು ಪಾರ್ಟಿಂಗ್ (ತೆಳು ಬ್ಲೇಡಿನಿಂದ ಕತ್ತರಿಸಿ ಬೇರ್ಪಡಿಸುವುದು) ಮಾಡಬಹುದೆಂದು ತಮ್ಮ ಕೈಪಿಡಿಯಲ್ಲೇ ಅಚ್ಚಾಗಿರುವಾಗ, 16 ಮಿ.ಮೀ. ರಾಡಿಗೇ ಟೂಲ್ ನಡುಗಿ, ಕಚ್ಚಿಕೊಂಡು, ಮೂರು ಬ್ಲೇಡು ಮುರಿದವು.

ನನ್ನ ಕಡೆಯಿಂದ ಆಗಬೇಕಾದ್ದನ್ನೆಲ್ಲ ಮೊದಲು ಮಾಡಿದೆ. ತಗಡಿನ ಸ್ಟ್ಯಾಂಡನ್ನು ಬಿಟ್ಟು, 50 ಮಿ.ಮೀ. ದಪ್ಪದ ಗ್ರಾನೈಟ್ ಚಪ್ಪಡಿಯ ಮೇಲೆ, ಬೆಡ್ ತಿರುಚಿಕೊಳ್ಳದಂತೆ ಶಿಮ್ (ತೆಳು ತಗಡು) ಕೊಟ್ಟು ಯಂತ್ರವನ್ನು ಬಿಗಿದೆ (ನಮ್ಮ ಕಡೆ ಕಲ್ಲಿಗೇನೂ ಬರವಿಲ್ಲ). ಗಿಬ್‌ಗಳನ್ನು (ಜಾರುವ ಭಾಗಗಳ ಸಡಿಲ ತೆಗೆಯುವ ಪಟ್ಟಿಗಳು) ಉಜ್ಜಿ ಕೂರಿಸಿದೆ. ಟೂಲ್ ಹೊರಚಾಚಿದ ಉದ್ದ ಎರಡರಷ್ಟಾದರೆ ಅದರ ಬಾಗು ಎಂಟರಷ್ಟಾಗುವುದರಿಂದ ಬ್ಲೇಡನ್ನು ಬೇಕಾದಷ್ಟೇ ಹೊರಗಿಟ್ಟೆ. ಇಷ್ಟಾದರೂ ನಡುಕ ನಿಲ್ಲದಿದ್ದಾಗ ತಮ್ಮ ಸಿಬ್ಬಂದಿ ಸ್ಪಿಂಡಲ್ (ತುಂಡನ್ನು ತಿರುಗಿಸುವ ದಂಡ) ಬೇರಿಂಗ್‌ಗಳನ್ನು ದೂರಿ, ಈ ಕಿಟ್ ಕೊಳ್ಳಲು ಹೇಳಿದರು.

ಕಿಟ್‌ನಲ್ಲಿ ಬಂದ 30206 ಟೇಪರ್ ಬೇರಿಂಗ್‌ಗಳು, ಮೊದಲಿದ್ದ 6206 ಬಾಲ್ ಬೇರಿಂಗ್‌ಗಳಿಗಿಂತ ತಲಾ 1.25 ಮಿ.ಮೀ. ಅಗಲ. ಅದಕ್ಕೆ ತಕ್ಕ ಗಿಡ್ಡ ಸ್ಪೇಸರನ್ನು ತಾವು ಕಳಿಸಿರಲಿಲ್ಲ. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡೆ. ಕಾಂಪೌಂಡ್ ಸ್ಲೈಡ್ (ಟೂಲ್ ಪೋಸ್ಟ್ ಕೂರುವ ಜಾರುವ ಭಾಗ) ತೆಗೆದು ಅದರ ಜಾಗದಲ್ಲಿ ಕೂರಿಸಲು ಕಿಟ್ಟಿನಲ್ಲೇ ಬಂದ ಬೀಡುಕಬ್ಬಿಣದ ಬ್ಲಾಕ್ ಚೆನ್ನಾಗಿಯೇ ಇದೆ, ಅದರಿಂದ ಟೂಲ್ ಪೋಸ್ಟಿನ ಅಲುಗಾಟ ಕಣ್ಣಿಗೆ ಕಾಣುವಷ್ಟು ತಗ್ಗಿತೆಂಬುದನ್ನು ಒಪ್ಪುತ್ತೇನೆ. ಪಾರ್ಟಿಂಗ್ ಮಾತ್ರ ಸುಧಾರಿಸಲಿಲ್ಲ.

ಆಗ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಹಚ್ಚಿ ಒಂದೊಂದೇ ಭಾಗವನ್ನು ನೋಡಿದೆ. ಚಕ್‌ನಲ್ಲಿ ಹಿಡಿದ ರಾಡನ್ನು ಮೀಟಿದರೆ ಸ್ಪಿಂಡಲಿನ ಅಲುಗಾಟ 0.01 ಮಿ.ಮೀ. ದಾಟಲಿಲ್ಲ. ಆದರೆ ಟೂಲನ್ನು ಹೊತ್ತು ಬೆಡ್ ಮೇಲೆ ಸರಿಯುವ ಕ್ಯಾರೇಜಿನ ಹಿಂಬದಿಯನ್ನು ಕೈಯಿಂದ ಎತ್ತಿದರೆ ಮುಳ್ಳು 0.11 ಮಿ.ಮೀ. ತೋರಿಸಿತು. ಕ್ಯಾರೇಜ್ ಮೇಲೇಳದಂತೆ ಬೆಡ್‌ನ ತಳಕ್ಕೆ ತಾಗಿ ಕೂರಬೇಕಾದ ಪಟ್ಟಿಗಳನ್ನು ಚಕ್‌ನ ಹತ್ತಿರ ಬಿಗಿ ಮಾಡಿದರೆ ಟೇಲ್‌ಸ್ಟಾಕ್ ಕಡೆ (ಬೆಡ್ಡಿನ ಇನ್ನೊಂದು ತುದಿಯಲ್ಲಿ) ಕ್ಯಾರೇಜ್ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸರಾಗವಾಗುವಷ್ಟು ಸಡಿಲಿಸಿದರೆ ಚಕ್‌ನ ಬಳಿ, ಅಂದರೆ ಕೆಲಸ ನಡೆಯುವ ಜಾಗದಲ್ಲೇ, ಅದು ಏಳುತ್ತದೆ. ಮೈಕ್ರೋಮೀಟರ್ ಹಿಡಿದು ಹಿಂಬದಿಯ ಚಪ್ಪಟೆ ಹಳಿಯ ದಪ್ಪವನ್ನು ಐದು ಕಡೆ ಅಳೆದಾಗ, ಒಂದು ತುದಿಯಿಂದ ಇನ್ನೊಂದಕ್ಕೆ 0.09 ಮಿ.ಮೀ. ವ್ಯತ್ಯಾಸ ಸಿಕ್ಕಿತು. ಹಳಿಯ ಮೇಲ್ಮೈಗೆ ಗ್ರೈಂಡಿಂಗ್ ಆಗಿದೆ, ತಳಕ್ಕೆ ಆಗಿಲ್ಲ. ಮಿಲ್ಲಿಂಗ್ ಗೆರೆಗಳು ಹಾಗೆಯೇ ಇವೆ. ಹಳೆಯ ಯಂತ್ರವಾಗಿದ್ದರೆ ಸವೆತ ಎನ್ನಬಹುದಿತ್ತು. ಇದು ಹೊಸದು. ಈ ಬೆಡ್ ಇರುವವರೆಗೆ ಈ ತಪ್ಪನ್ನು ಯಾವ ಕಿಟ್ಟೂ ಸರಿಪಡಿಸಲಾರದು, ಹಾಗಾಗಿ ಬೇರಿಂಗ್‌ಗಳಿಗೆ ನಾನು ತೆತ್ತ ಹಣವೂ ದಂಡವಾಯಿತು.

ಇನ್ನು ವಾರಂಟಿಯ ವಿಚಾರ. ಕಿಟ್‌ನ ಜೊತೆ ತಾವೇ ಕಳಿಸಿದ ಹಾಳೆಯ ಮೊದಲ ಸಾಲು ಹೆಡ್‌ಸ್ಟಾಕ್ ಬಿಚ್ಚಿ ಎಂದೇ ಇದೆ. ಮದ್ದು ಮಾರಿದವರೇ ಅದನ್ನು ಕುಡಿದದ್ದು ತಪ್ಪು ಎಂದರೆ ಹೇಗೆ? ದೋಷವಿರುವುದು ಬೆಡ್‌ನಲ್ಲಿ, ನಾನು ಕೈ ಹಾಕಿದ್ದು ಹೆಡ್‌ಸ್ಟಾಕಿಗೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಆದ್ದರಿಂದ, ತಳವನ್ನೂ ಮೇಲ್ಮೈಗೆ ಸಮಾಂತರವಾಗಿ ಗ್ರೈಂಡ್ ಮಾಡಿದ ಬೆಡ್ಡನ್ನು, ಅಳತೆಯ ಪರೀಕ್ಷಾ ಪತ್ರದೊಂದಿಗೆ, ತಮ್ಮ ಖರ್ಚಿನಲ್ಲಿ ಬದಲಿಸಿಕೊಡಬೇಕು. ಅದಾಗದಿದ್ದರೆ ಯಂತ್ರ ಮತ್ತು ಕಿಟ್ ಎರಡನ್ನೂ ಹಿಂಪಡೆದು 87,400 ರೂಪಾಯಿ ಮರಳಿಸಬೇಕು. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ದೂರು ದಾಖಲಿಸುತ್ತೇನೆ.

ಎರಡೂ ರಸೀದಿಗಳು, ಕಿಟ್‌ನ ಹಾಳೆ, ಐದು ಅಳತೆಗಳ ಪಟ್ಟಿ ಮತ್ತು ಡಯಲ್ ಗೇಜಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಯಂತ್ರ ಬಂದ ಮರದ ಪೆಟ್ಟಿಗೆಯನ್ನು ಒಡೆಯದೆ ಇಟ್ಟುಕೊಂಡಿರುವುದರಿಂದ ಸಾಗಣೆಗೆ ತೊಂದರೆಯಾಗದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)