ಜಕಾರ್ತದ ಹುಡುಗ ಹುಡುಗಿಯರ ಬಗ್ಗೆ

ಪ್ರೀತಿಯ ಅಮ್ಮ, ಅಪ್ಪ,

ಇಬ್ಬರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಲ್ಲಿನ ಹುಡುಗ ಹುಡುಗಿಯರು ಹೇಗೆ, ಸಂಜೆ ಹೊತ್ತು ಏನು ಮಾಡುತ್ತಾರೆ ಅಂತ ಅಮ್ಮ ಕೇಳಿದ್ದಳು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಂಜೆ ಇವರು ಸುಮ್ನೆ ಕೂತು ಮಾತಾಡುತ್ತಾರೆ. ಇದಕ್ಕೆ ನೊಂಗ್ಕ್ರೊಂಗ್ ಅನ್ನುತ್ತಾರೆ. ರಸ್ತೆ ಬದಿಯ ವಾರುಂಗ್, ಅಂದರೆ ಗೂಡಂಗಡಿ ಆದರೂ ಸರಿ, ಏಸಿ ಕೆಫೆ ಆದರೂ ಸರಿ, ಒಂದು ಲೋಟ ಕಾಫಿ ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಾರೆ. ಅಪ್ಪ, ಆ ಕಾಫಿಗೆ ಹಾಕುವುದು ಬೆಲ್ಲ! ಅರೆನ್ ಅನ್ನುವ ಮರದ ನೀರಾ ಕಾಯಿಸಿ ಮಾಡಿದ್ದು. ಅಜ್ಜಿ ಮಾಡುತ್ತಿದ್ದ ಬೆಲ್ಲದ ಕಾಫಿ ಇದೆಯಲ್ಲ, ಅದಕ್ಕೆ ಐಸ್ ಹಾಕಿದಂತೆ. ದಕ್ಷಿಣ ಜಕಾರ್ತದ ಚಿಪೆತೆಯಲ್ಲಿ 2015ರಲ್ಲಿ ಶುರುವಾದ ತುಕು ಅನ್ನುವ ಪುಟ್ಟ ಅಂಗಡಿ ಇದರ ರುಚಿ ಹತ್ತಿಸಿತು. ಈಗ ಗಲ್ಲಿಗೊಂದು ಇಂಥ ಅಂಗಡಿ. ಡಚ್ಚರು 1696ರಲ್ಲಿ ಜಕಾರ್ತ ಇರುವ ಈ ಜಾವಾ ದ್ವೀಪಕ್ಕೆ ಕಾಫಿ ಸಸಿ ತಂದಿದ್ದು ನಮ್ಮ ಪಕ್ಕದ ಮಲಬಾರಿನಿಂದ, ಗೊತ್ತಾ?

ಆದರೆ ಕೆಫೆಗೆ ದುಡ್ಡು ಬೇಕು. ಇಲ್ಲದವರು ಎಲ್ಲಿ ಕೂರಬೇಕು? 2022ರ ಜುಲೈನಲ್ಲಿ ನಡೆದದ್ದನ್ನು ಇಲ್ಲಿಯವರು ಇನ್ನೂ ಹೇಳುತ್ತಾರೆ. ಜಕಾರ್ತದ ಹೊರಗಿನ ಚಿತಾಯಮ್, ಬೋಜೊಂಗ್ ಗೆಡೆ ಕಡೆಯ ಮಕ್ಕಳು ಲೋಕಲ್ ರೈಲು ಹತ್ತಿ ನಗರದ ನಡುವಿನ ದುಕುಹ್ ಆತಾಸ್‌ಗೆ ಬರತೊಡಗಿದರು. ಸುತ್ತ ಗಾಜಿನ ಕಟ್ಟಡಗಳು, ದೊಡ್ಡ ಸಂಬಳದ ಆಫೀಸುಗಳು. ಈ ಮಕ್ಕಳು ಅಗ್ಗದ ಬಟ್ಟೆಯನ್ನೇ ತಮಗೆ ಬೇಕಾದ ಹಾಗೆ ಜೋಡಿಸಿ ಹಾಕಿಕೊಂಡು, ಜೀಬ್ರಾ ಕ್ರಾಸಿಂಗ್ ಮೇಲೆ ಫ್ಯಾಷನ್ ಶೋ ಮಾಡಿದರು. ಟಿಕ್‌ಟಾಕ್‌ನಲ್ಲಿ ದೇಶವೆಲ್ಲ ನೋಡಿತು. ಹಳ್ಳಿ ಗುಗ್ಗುಗಳು ಅಂತ ನಕ್ಕವರೂ ಇದ್ದರು. ಒಬ್ಬ ನಟನ ಕಂಪನಿ ಆ ಶೋನ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೋಯಿತು. ಜನ ಸಿಟ್ಟಾದ ಮೇಲೆ ಅರ್ಜಿ ವಾಪಸ್ ತೆಗೆದುಕೊಂಡಿತು. ಟ್ರಾಫಿಕ್‌ಗೆ ತೊಂದರೆ ಅಂತ ಕೊನೆಗೆ ಅಲ್ಲಿ ಶೋ ನಡೆಸಲು ಬಿಡಲಿಲ್ಲ. ನನಗೆ ಮಾತ್ರ ಆ ಮಕ್ಕಳ ಮೇಲೆ ತುಂಬಾ ಗೌರವ. ಊರು ತಮ್ಮದೂ ಹೌದು ಅಂತ ಯಾರನ್ನೂ ಕೇಳದೆ ತೋರಿಸಿದರು.

ಇನ್ನೊಂದು ನಿನಗೆ ಇಷ್ಟವಾಗುತ್ತೆ ಅಮ್ಮ. ಬಾತಿಕ್ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಮೇಲೆ ಟೀ ಶರ್ಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರಿದ್ದಾರೆ. ಹಬ್ಬಕ್ಕಲ್ಲ, ಮಾಮೂಲಿ ದಿನಕ್ಕೆ. ಹಾಡಿನಲ್ಲೂ ಹೀಗೇ. ದಿದಿ ಕೆಂಪೊತ್ ಅಂತ ಸೋಲೋ ಊರಿನ ಗಾಯಕ, ಜಾವಾನೀಸ್ ಭಾಷೆಯಲ್ಲಿ ಹಾಡುತ್ತಿದ್ದವರು. ಅಪ್ಪ ಅಮ್ಮಂದಿರ ಕಾಲದವರು. 2019ರಲ್ಲಿ ಕಾಲೇಜು ಹುಡುಗರು ಅವರನ್ನು ಮತ್ತೆ ತಲೆ ಮೇಲೆ ಹೊತ್ತು ಕುಣಿದರು. ಮನಸ್ಸು ಮುರಿದ ಹಾಡುಗಳು. ಗಂಡು ಹುಡುಗರು ಎಲ್ಲರೆದುರೇ ಅತ್ತು, ಜೊತೆಗೆ ಹಾಡಿದರು. ಮರುವರ್ಷ ಮೇನಲ್ಲಿ ಅವರು ತೀರಿಕೊಂಡರು, 53 ವರ್ಷಕ್ಕೇ. ನಮ್ಮಲ್ಲಿ ಗಂಡು ಮಕ್ಕಳನ್ನು ಹೀಗೆ ಅಳಲು ಬಿಡುವುದು ಕಮ್ಮಿ, ಅಲ್ವಾ?

ಎಲ್ಲ ಖುಷಿಯೇ ಅಂದುಕೊಳ್ಳಬೇಡಿ. ಓದಿದವರಿಗೆ ಸರಿಯಾದ ಕೆಲಸ ಇಲ್ಲ. 2025ರ ಶುರುವಿನಲ್ಲಿ ‘ಕಾಬುರ್ ಆಜಾ ದುಲು’, ಅಂದರೆ ಮೊದಲು ಇಲ್ಲಿಂದ ಓಡಿಹೋಗೋಣ ಅನ್ನುವ ಹ್ಯಾಶ್‌ಟ್ಯಾಗ್ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಊಟದ ಹೊತ್ತಿನಲ್ಲಿ ಜಪಾನಿ ಭಾಷೆ ಕಲಿಯುತ್ತಾಳೆ. ಅಲ್ಲಿ ಕೆಲಸ ಹುಡುಕುವ ಆಸೆ. ಅವಳ ಅಮ್ಮ ಬೇಡ ಅನ್ನುತ್ತಿದ್ದಾರಂತೆ. ‘ನಿಮ್ಮ ಅಮ್ಮ ಹೇಗೆ ಒಪ್ಪಿದರು?’ ಅಂತ ಮೊನ್ನೆ ನನ್ನನ್ನು ಕೇಳಿದಳು. ಏನು ಹೇಳಬೇಕು ಗೊತ್ತಾಗಲಿಲ್ಲ. ನೀನು ಯಾಕೆ ಒಪ್ಪಿದೆ ಅಂತ ನಾನು ಯಾವತ್ತೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ ಅಮ್ಮ, ಬರೆದು ಕಳಿಸು. ಅವಳಿಗೂ ಓದಿ ಹೇಳುತ್ತೇನೆ.

ನಿಮ್ಮ ಮಗಳು