ಗಡಿಯಾರ ಬೇರೆ, ಓಟ ನಿನ್ನದೇ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ರಾಜ್ಯಮಟ್ಟದ ಕೂಟದಿಂದ ಬಂದ ಮೇಲೆ ನೀನು ಗ್ರೌಂಡ್ ಕಡೆ ಹೋಗೇ ಇಲ್ಲವಂತೆ. ಓಟದ ಮುಳ್ಳಿನ ಶೂ, ಆ ಸ್ಪೈಕ್ಸನ್ನೂ ತಂಗಿಗೆ ಕೊಟ್ಟುಬಿಡ್ತೀನಿ ಅಂದೆಯಂತೆ. ಜಿಲ್ಲಾ ಕೂಟದಲ್ಲಿ 200 ಮೀಟರನ್ನು 26.4 ಸೆಕೆಂಡಿನಲ್ಲಿ ಓಡಿ ಕೂಟ ದಾಖಲೆ ಮಾಡಿದವಳು, ಬೆಂಗಳೂರಿನಲ್ಲಿ 26.58 ಓಡಿ ಆರನೆಯವಳಾದೆ. ದೊಡ್ಡ ಕೂಟ ನನ್ನ ಕೈಲಾಗಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೀಯ. ಅದು ತಪ್ಪು ತೀರ್ಮಾನ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತೇನೆ.

ಜಿಲ್ಲೆಯಲ್ಲಿ ನಿನ್ನ ಸಮಯ ಹಿಡಿದದ್ದು ಸ್ಟಾಪ್‌ವಾಚಿನಲ್ಲಿ. ಪಿಟಿ ಮೇಷ್ಟ್ರಾಗಿ ನಾನು ವರ್ಷಗಟ್ಟಲೆ ಮಾಡಿದ ಕೆಲಸ ಅದು. ಓಟ ಶುರುಮಾಡಲು ಹಾರಿಸುವ ಗನ್ನಿನ ಹೊಗೆ ಕಂಡ ಮೇಲೆ ಬೆರಳು ಗುಂಡಿ ಒತ್ತುತ್ತದೆ. ಅಷ್ಟರಲ್ಲಿ ನೀವು ಹೊರಟಾಗಿರುತ್ತದೆ. ಫಿನಿಶಿನಲ್ಲಿ ಹಾಗಲ್ಲ, ಓಡಿ ಬರುವವರು ಕಣ್ಣೆದುರಿಗೇ ಇರುತ್ತಾರೆ, ಬೆರಳು ಮೊದಲೇ ತಯಾರಾಗಿರುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದ ಸಮಯ ಸ್ವಲ್ಪ ಕಡಿಮೆಯೇ ಬರುತ್ತದೆ. ಗನ್ ಇಲ್ಲದೆ ವಿಷಲ್ ಊದಿದರಂತೂ ಇನ್ನೂ ಕಷ್ಟ. 200 ಮೀಟರ್ ಶುರುವಾಗುವುದು ಟ್ರ್ಯಾಕಿನ ಆಚೆ ಮೂಲೆಯಲ್ಲಿ. ಅಲ್ಲಿಂದ ಸದ್ದು ಫಿನಿಶ್ ಗೆರೆ ಮುಟ್ಟುವುದಕ್ಕೇ ಸೆಕೆಂಡಿನ ಮೂರನೇ ಒಂದು ಭಾಗ ಬೇಕು.

ಬೆಂಗಳೂರಿನಲ್ಲಿ ಗಡಿಯಾರವನ್ನು ಗನ್ನಿಗೇ ಜೋಡಿಸಿದ್ದರು, ಫಿನಿಶಿನಲ್ಲಿ ಕ್ಯಾಮೆರಾ ಇತ್ತು. ಎರಡನ್ನೂ ಹೋಲಿಸಬೇಕಾದರೆ 100 ಮತ್ತು 200 ಮೀಟರಿನಲ್ಲಿ ಕೈಯ ಸಮಯಕ್ಕೆ 0.24 ಸೆಕೆಂಡ್ ಸೇರಿಸುವುದು ರೂಢಿ. ನಿನ್ನ 26.4ಕ್ಕೆ ಸೇರಿಸಿ ನೋಡು. 26.64 ಆಯಿತಲ್ವಾ? ಬೆಂಗಳೂರಿನಲ್ಲಿ ಓಡಿದ್ದು 26.58. ನೀನು ನಿಧಾನವಾಗಿಲ್ಲ ಪುಟ್ಟಿ, ಇಲ್ಲಿಯವರೆಗಿನ ನಿನ್ನ ಅತಿ ಜೋರಿನ ಓಟವೇ ಅದು.

1977ರಿಂದ 400 ಮೀಟರ್‌ವರೆಗಿನ ಓಟಗಳಿಗೆ ಎಲೆಕ್ಟ್ರಾನಿಕ್ ಸಮಯವಿದ್ದರೆ ಮಾತ್ರ ವಿಶ್ವದಾಖಲೆ ಅಂತ ಒಪ್ಪುತ್ತಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಪಿ.ಟಿ. ಉಷಾ 55.42 ಓಡಿದರು. ಕಂಚು ಹೋದದ್ದು 55.41 ಓಡಿದ ರೊಮೇನಿಯಾದವಳಿಗೆ. ಅಷ್ಟು ಸಣ್ಣ ಅಂತರವನ್ನು ನಮ್ಮ ಬೆರಳು ಹಿಡಿಯಲಾರದು.

ಆರನೇ ಸ್ಥಾನದ ಮಾತಿಗೆ ಬರೋಣ. ಅಮೆರಿಕದ ಕ್ಯಾನ್ಸಾಸಿನಲ್ಲಿ ಜಿಮ್ ರೈಯನ್ ಅಂತ ಒಬ್ಬ ಹುಡುಗ ಇದ್ದ. 1964ರಲ್ಲಿ ಮೈಲಿ ಓಟವನ್ನು 3 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿದ. 4 ನಿಮಿಷದೊಳಗೆ ಮೈಲಿ ಓಡಿದ ಮೊದಲ ಹೈಸ್ಕೂಲ್ ಹುಡುಗ ಅವನೇ. ಆ ರೇಸಿನಲ್ಲಿ ಅವನು ಎಷ್ಟನೆಯವನಾದ ಗೊತ್ತಾ? ಎಂಟನೆಯವನು! ಮರುವರ್ಷ 3:55.3 ಓಡಿದ. ಅಮೆರಿಕದ ಹೈಸ್ಕೂಲ್ ಹುಡುಗರಲ್ಲಿ ಆ ದಾಖಲೆ ಮುರಿದದ್ದು 2001ರಲ್ಲಿ. ತನಗಿಂತ ವೇಗದವರ ಜೊತೆ ಓಡಿದ್ದಕ್ಕೇ ಅವನಿಂದ ಅಷ್ಟು ಓಟ ಹೊರಗೆ ಬಂತು ಅಂತ ನಾನು ನಂಬಿದ್ದೇನೆ. ಬೆಂಗಳೂರಿನಲ್ಲಿ ನಿನಗೂ ಹಾಗೇ ಆಗಿದೆ.

ದಾಖಲೆಗೆ ಒಂದು ಒಳ್ಳೆಯ ಓಟ ಸಾಕು. ಚಾಂಪಿಯನ್ ಆಗಬೇಕಾದರೆ ಹೀಟ್ಸ್ ಅನ್ನುವ ಮೊದಲ ಸುತ್ತು, ಸೆಮಿಫೈನಲ್, ಫೈನಲ್ ಮೂರನ್ನೂ ಓಡಬೇಕು. ಹೀಟ್ಸಿನಲ್ಲಿ ನೀನು ಕೊನೆಯ ಗೆರೆವರೆಗೂ ಪೂರ್ತಿ ದಮ್ಮು ಹಾಕಿದೆ ಅಂತ ನಿಮ್ಮ ಮೇಷ್ಟ್ರು ಹೇಳಿದರು. ಪಕ್ಕದವಳು ಹಿಂದೆ ಬಿದ್ದದ್ದು ಗೊತ್ತಾದ ಮೇಲೆ, ಕೊನೆಯ ಇಪ್ಪತ್ತು ಮೀಟರ್ ಬಿಗಿ ಬಿಡಬೇಕಿತ್ತು. ಅದನ್ನು ಅಭ್ಯಾಸದಲ್ಲೇ ಕಲಿಯಬೇಕು. ತಿರುವಿನಲ್ಲಿ ಒಳಗೆರೆಗೆ ಹತ್ತಿರ ಓಡು, ಅಲ್ಲಿ ಹೊರಕ್ಕೆ ಸರಿದರೆ ಸುಮ್ನೆ ಜಾಸ್ತಿ ದೂರ ಓಡಿದ ಹಾಗೆ.

ಇನ್ನೊಂದು ವಿಷಯ ಕೇಳಿ ಮನಸ್ಸಿಗೆ ತುಂಬಾ ಬೇಜಾರಾಯಿತು. ಹುಟ್ಟಿದ ತಾರೀಕು ತಿದ್ದಿಸಿ, ಮುಂದಿನ ವರ್ಷವೂ 17ರ ಒಳಗಿನ ವಿಭಾಗದಲ್ಲೇ ಓಡಿಸಿ ಅಂತ ಯಾರೋ ನಿಮ್ಮಪ್ಪನಿಗೆ ಹೇಳಿದರಂತೆ. ಬೇಡ. ಮಣಿಕಟ್ಟಿನ ಎಕ್ಸ್‌-ರೇ ತೆಗೆದು ವಯಸ್ಸು ಅಂದಾಜು ಮಾಡುವ ಪರೀಕ್ಷೆ ಇದೆ, ಸಿಕ್ಕಿಬಿದ್ದರೆ ಮಾನ ಹೋಗುತ್ತದೆ ನಿಜ. ಆದರೆ ನಾನು ಬೇಡ ಅನ್ನುವುದು ಅದಕ್ಕಲ್ಲ. ಯಾವುದೋ ಹಳ್ಳಿಯ ಹದಿನಾರರ ಹುಡುಗಿಯೊಬ್ಬಳ ಜಾಗ ನಿನ್ನಿಂದ ಹೋಗುತ್ತದೆ. ಭಾವನ ಹತ್ತಿರ ನಾನೇ ಮಾತಾಡುತ್ತೇನೆ. ನೀನೂ ಆಗಲ್ಲ ಅಂತ ಗಟ್ಟಿಯಾಗಿ ಹೇಳು.

ಸೋಮವಾರದಿಂದ ಗ್ರೌಂಡಿಗೆ ಹೋಗು. ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಓಟದ ಸಮಯದ ಪಕ್ಕ ಕೈಯದೋ ಎಲೆಕ್ಟ್ರಾನಿಕ್ಕೋ, ಮಣ್ಣಿನ ಟ್ರ್ಯಾಕೋ ಸಿಂಥೆಟಿಕ್ಕೋ ಅಂತ ಬರೆದಿಡು. ದಸರಾ ರಜೆಗೆ ಬರುವಾಗ ಅದನ್ನು ತಾ. ಸ್ಪೈಕ್ಸ್ ಕೂಡ.

ಇಂತಿ,
ನಿನ್ನ ಮಾವ