ಆಷಾಢದ ರಾತ್ರಿ ಜೊತೆಗಿದ್ದವನಿಗೆ

ಮೊನ್ನೆ ಅಪ್ಪಯ್ಯನ ವರ್ಷಾಂತಿಕ ಮುಗಿಯಿತು. ಈ ಒಂದು ವರ್ಷ ಅಮ್ಮ ತೋಟದ ಮನೆಯಲ್ಲಿ ಒಬ್ಬಳೇ ಇದ್ದೂ ದಿನ ದೂಡಿದ್ದು ನಿಮ್ಮೆಲ್ಲರ ಬಲದಿಂದ. ಕರೆದಾಗೆಲ್ಲ ಜೀಪು ತಂದ ಮೇಲಿನಮನೆ ಭಾವ, ಅಡಿಕೆ ಕೊನೆ ಕೊಯ್ಲಿಗೆ ತಾವೇ ನಿಂತ ಊರವರು, ಬ್ಯಾಂಕು ಸೊಸೈಟಿಯ ಕಾಗದಪತ್ರ ನೋಡಿಕೊಂಡ ಮಾವ, ದಿನಾ ಸಂಜೆ ಫೋನ್ ಮಾಡಿದ ಚಿಕ್ಕಮ್ಮಂದಿರು, ಎಲ್ಲರಿಗೂ ಮಕ್ಕಳಾದ ನಮ್ಮ ನಮಸ್ಕಾರ. ಇನ್ನುಳಿದ ಮಾತೆಲ್ಲ ನಮ್ಮ ನಾಯಿ ದಾಸುವಿನದು. ನೀವು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು.

ದಾಸು ಜಾತಿನಾಯಿಯಲ್ಲ. 16 ಕಿಲೋ ತೂಕ, ಕಂದು ಮೈ, ಮಡಿಚಿದ ಎಡಗಿವಿ. ತೋಟಕ್ಕೆ ನುಗ್ಗುವ ಮಂಗ ಓಡಿಸುವುದು ಅವನ ಕೆಲಸ. ಐದು ವರ್ಷ ಜಗಲಿ ದಾಟಿ ಒಳಗೆ ಬಂದವನಲ್ಲ. ಮಲೆನಾಡಿನಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು, ಹಾಗಾಗಿ ಕತ್ತಲಾದ ಮೇಲೆ ಕೊಟ್ಟಿಗೆಯೊಳಗೆ ಹಾಕಿ ಬಾಗಿಲು ಎಳೆಯುವುದು ರೂಢಿ. ಹದಿಮೂರನೇ ದಿನ ಕಳೆದು ನೆಂಟರೆಲ್ಲ ಹೊರಟ ರಾತ್ರಿ ಅಮ್ಮನೇ ಅವನನ್ನು ಹೊಸ್ತಿಲು ದಾಟಿಸಿದಳು. ಮಡಿ ಮೈಲಿಗೆ ಅಂತ ಯಾರೂ ಸೊಲ್ಲೆತ್ತಲಿಲ್ಲ. "ಇರ್ಲಿ ಬಿಡು, ಅದೂ ಮನೆ ಜೀವವೇ" ಅಂದ ದೊಡ್ಡತ್ತೆಗೆ ವಿಶೇಷ ನಮಸ್ಕಾರ.

ಆಷಾಢದ ಆ ರಾತ್ರಿಯ ವಿವರ ಇಲ್ಲಿ ಬೇಡ, ಗೊತ್ತಿದ್ದವರಿಗೆ ಗೊತ್ತು. ಕರೆಂಟಿಲ್ಲ, ಸಿಗ್ನಲ್ ಇಲ್ಲ, ಹಳ್ಳ ತುಂಬಿ ಯಾರೂ ಬರುವ ಹಾಗಿಲ್ಲ. ಬೆಳಕು ಹರಿಯುವ ತನಕ ಅಮ್ಮನ ಜೊತೆಗಿದ್ದವನು ದಾಸು ಒಬ್ಬನೇ. ಬಾಗಿಲ ಹತ್ತಿರ ಕೂತವಳ ಪಾದಕ್ಕೆ ಬೆನ್ನು ಒತ್ತಿ ಮಲಗಿದ, ಅಲ್ಲಿಂದ ಕದಲಲಿಲ್ಲ. ನಾಯಿಯ ಮೈ ನಮ್ಮದಕ್ಕಿಂತ ಒಂದೆರಡು ಡಿಗ್ರಿ ಬಿಸಿ, 38ರಿಂದ 39 ಸೆಲ್ಸಿಯಸ್. ಮಳೆಗೆ ಮರಗಟ್ಟಿದ ಕಾಲಿಗೆ ಮೊದಲು ತಾಗಿದ್ದು ಆ ಬಿಸಿ. ನೆಮ್ಮದಿಯಾಗಿ ಮಲಗಿದ ನಾಯಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ಅಮ್ಮ ಅವನ ಪಕ್ಕೆಯ ಮೇಲೆ ಅಂಗೈ ಇಟ್ಟು ಅದು ಏಳುವುದನ್ನು ಎಣಿಸಿದಳಂತೆ. ನೂರಾದರೆ ಮತ್ತೆ ಒಂದರಿಂದ. ಹೆತ್ತ ಮಕ್ಕಳು ಮೂವರು, ಆ ರಾತ್ರಿ ಕೈಗೆ ಸಿಕ್ಕವನು ಅವನು. ಇದಕ್ಕೆ ಧನ್ಯವಾದ ಅನ್ನುವ ಮಾತು ಸಾಲುವುದಿಲ್ಲ, ಬೇರೆ ಮಾತು ನಮಗೆ ಬರುವುದೂ ಇಲ್ಲ.

ಹಗಲು ಅವನು ಮಾಡಿದ್ದೂ ಕಮ್ಮಿಯಲ್ಲ. ಒಬ್ಬಳಿಗೆ ಎಂತಕ್ಕೆ ಅಡುಗೆ ಅಂತ ಒಲೆ ಹಚ್ಚದೆ ಕೂತವಳು ದಾಸುವಿಗೆ ಅನ್ನ ಇಡಲೇಬೇಕಾಯಿತು, ಅದೇ ಪಾತ್ರೆಯಲ್ಲಿ ಅವಳ ಪಾಲೂ ಬೆಂದಿತು. ಬರೀ ಮೊಸರನ್ನ ತಿಂದು ಅವನ ಕೂದಲು ಒರಟಾಗಿ ಉದುರುತ್ತಿತ್ತು, ಪ್ರೋಟೀನ್ ಸಾಲದೆ ಹಾಗಾಗುವುದುಂಟು. ಈಗ ಎರಡು ಹೊತ್ತಿಗೂ ಸೇರಿ 350 ಗ್ರಾಂ ಅನ್ನ, ಮೂರು ಬೇಯಿಸಿದ ಮೊಟ್ಟೆ, ಒಂದು ಲೋಟ ಮೊಸರು, ಒಂದು ಹಿಡಿ ಬೇಯಿಸಿದ ಸಿಹಿಗುಂಬಳ. ಸುಣ್ಣದ ಅಂಶಕ್ಕೆ ದಿನಕ್ಕೆ ಅರ್ಧ ಟೀ ಚಮಚ ಮೊಟ್ಟೆಚಿಪ್ಪಿನ ಪುಡಿ. ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಬೇಕು, ತರಿ ಉಳಿಯಬಾರದು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾಂಬಾರು ಒಂದು ತೊಟ್ಟೂ ಇಲ್ಲ, ಅವು ನಾಯಿಯ ರಕ್ತದ ಕೆಂಪುಕಣ ಒಡೆಯುತ್ತವೆ. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲವೆಂದು ವರ್ಷವಿಡೀ ತಮ್ಮ ಒಲೆಯಲ್ಲಿ ಬೇಯಿಸಿ ಡಬ್ಬಿ ಕಳಿಸಿದ ಕೆಳಕೇರಿ ಗೌಡರ ಮನೆಯ ಅಕ್ಕ, ನಿಮ್ಮ ಋಣ ದೊಡ್ಡದು.

ಇನ್ನು ಉಣುಗು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಂಚಿನಲ್ಲಿ ಓಡಾಡುವ ನಾಯಿಯ ಮೈಮೇಲೆ ಉಣುಗು ಮನೆಯೊಳಗೂ ಬರಬಹುದು. ಹಾಗಾಗಿ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ತಪಾಸಣೆ: ಕಿವಿಯ ಒಳಮಡಿಕೆ, ಬೆರಳ ಸಂದು, ಕುತ್ತಿಗೆ ಪಟ್ಟಿಯ ಅಡಿ, ಬಾಲದ ಬುಡ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನ ನೇರಕ್ಕೆ ಎಳೆಯುವುದು. ಸೀಮೆಎಣ್ಣೆ ಸವರಬಾರದು, ಉಗುರಲ್ಲಿ ಕುಕ್ಕಬಾರದು. ದಾಸು ತೊಡೆಯ ಮೇಲೆ ಗಲ್ಲ ಇಟ್ಟು ಕಣ್ಣು ಮುಚ್ಚುತ್ತಾನೆ, ಅಮ್ಮ ಕೂದಲು ಬಿಡಿಸುತ್ತಾ ಅಪ್ಪಯ್ಯನ ಮಾತಾಡುತ್ತಾಳೆ. ನಮ್ಮ ಹತ್ತಿರ ಫೋನಿನಲ್ಲಿ ಆಡದ ಮಾತೆಲ್ಲ ಆ ಅರ್ಧ ಗಂಟೆಯಲ್ಲಿ ಹೊರಬಂದಿದೆ.

"ನಮ್ಮ ಅಜ್ಜಿಗೂ ಒಂದು ಮರಿ ತಂದುಕೊಡುತ್ತೇವೆ" ಅಂತ ಕೆಲವರು ಅಂದಿರಿ. ಮರಿ ಬೇಡ. ಅದು ಎರಡು ಗಂಟೆಗೊಮ್ಮೆ ಹೊರಗೆ ಹೋಗಬೇಕು, ಕಾಲಿಗೆ ತೊಡರುತ್ತದೆ, ಸೀರೆ ಕಚ್ಚಿ ಎಳೆಯುತ್ತದೆ. ಮೂರು ವರ್ಷ ದಾಟಿದ, ಸ್ವಭಾವ ಗೊತ್ತಿರುವ ನಾಯಿ ಒಳ್ಳೆಯದು. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬಾರದು, ಮಂಗ ಕಂಡು ಒಮ್ಮೆ ಜಗ್ಗಿದರೆ ಹಿರಿಯರು ಬೀಳುತ್ತಾರೆ. ಎದೆಗೆ ಹಾಕುವ ಪಟ್ಟಿಯ ಮುಂದಿನ ಕೊಂಡಿಗೆ ಹಗ್ಗ ಹಾಕಿದರೆ ಜಗ್ಗಾಟ ಕಮ್ಮಿ. ಮತ್ತೆ ಅಜ್ಜಿ ಆಸ್ಪತ್ರೆಗೆ ಸೇರಿದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಮೊದಲೇ ಒಬ್ಬರನ್ನು ಗೊತ್ತು ಮಾಡಿಡಿ. ನಮಗೆ ಮೇಲಿನಮನೆ ಭಾವ ಇದ್ದರು.

ಕೊನೆಗೊಂದು ಕೋರಿಕೆ. ಮನೆಗೆ ಬಂದವರು ಪ್ರೀತಿಯಿಂದ ದಾಸುವಿಗೆ ಪಾಯಸ, ಲಾಡು ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ, ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳಲಾಗದು. ಬೇಯಿಸಿದ ಗೆಣಸಿನ ಒಂದು ಹೋಳು ತನ್ನಿ, ಉಪ್ಪು ಹಾಕದ್ದು. ಕೊಡುವಾಗ ಮಡಿಚಿದ ಎಡಗಿವಿಯ ಹಿಂದೆ ಸ್ವಲ್ಪ ಕೆರೆಯಿರಿ, ಅವನಿಗೆ ಅದು ಗೆಣಸಿಗಿಂತ ಇಷ್ಟ.